ಅವರು ನಿಮಗ ಏನಾಗಬೇಕ್ರಿ?

ಬೆಳಗಾವಿಯ ಯಾವುದೇ ಆಸ್ಪತ್ರೆಯ ದಾಖಲಾತಿ ಕಿಟಕಿ ಇರಲಿ, ಬ್ಯಾಂಕಿನ ಕೌಂಟರ್ ಇರಲಿ, ಖಾನಾಪುರದ ತಹಶೀಲ್ದಾರ ಕಚೇರಿಯ ಮೇಜು ಇರಲಿ, ಒಬ್ಬರ ಪರವಾಗಿ ಇನ್ನೊಬ್ಬರು ಹೋಗಿ ನಿಂತರೆ ಮೊದಲು ಬರುವ ಮಾತು ಒಂದೇ: ‘ಅವರು ನಿಮಗ ಏನಾಗಬೇಕ್ರಿ?’ ಖಾನಾಪುರದ ಕಡೆ ಮಾತು ಮರಾಠಿಗೆ ಹೊರಳಿದರೆ ಅದೇ ಪ್ರಶ್ನೆ ‘ತೆ ತುಮ್ಚೆ ಕೋಣ್ ಲಾಗ್ತಾತ?’ ಎಂದಾಗುತ್ತದೆ. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ಅಣ್ಣ, ಮಾವ, ಸೊಸಿ, ನಮ್ಮ ಮನಿಯವರು ಎಂದು ಒಂದು ಪದ ಹೇಳಿದರೆ ಸಾಕು, ಅರ್ಜಿಯ ಖಾಲಿ ಜಾಗ ತುಂಬುತ್ತದೆ, ಒಳಗಿನ ಬಾಗಿಲು ತೆರೆಯುತ್ತದೆ.

ಹತ್ತಾರು ವರ್ಷ ಒಂದೇ ಸೂರಿನಡಿ ಸಂಸಾರ ಮಾಡಿದ ಇಬ್ಬರು ಗಂಡಸರಿಗೆ ಅಥವಾ ಇಬ್ಬರು ಹೆಂಗಸರಿಗೆ ಹೇಳಲು ಅಂಥ ಪದವಿಲ್ಲ. ‘ಗೆಳೆಯ’ ಎಂದರೆ ಗುಮಾಸ್ತರ ಪೆನ್ನು ಅಲ್ಲೇ ನಿಲ್ಲುತ್ತದೆ. ‘ಮನಿ ಮಂದಿ ಯಾರೂ ಇಲ್ಲೇನ್ರಿ?’ ಎಂಬ ಮರುಪ್ರಶ್ನೆ ಬರುತ್ತದೆ. ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಬೇಕೇ ಎಂಬ ಚರ್ಚೆ ದಿಲ್ಲಿಯಲ್ಲಿ ಸಂವಿಧಾನದ ದೊಡ್ಡ ದೊಡ್ಡ ಮಾತುಗಳಲ್ಲಿ ನಡೆಯಿತು. ಊರಿನಲ್ಲಿ ಅದು ಈ ಖಾಲಿ ಜಾಗದ ಪ್ರಶ್ನೆ.

2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಹೇಳಿಕೆಯಲ್ಲಿ ಈ ಬೇಡಿಕೆಯನ್ನು ನಗರದ ಮೇಲ್ವರ್ಗದವರ ಅಭಿಪ್ರಾಯ ಎಂದು ಕರೆದಿತ್ತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ತಮ್ಮ ತೀರ್ಪಿನಲ್ಲಿ ಅದನ್ನು ಒಪ್ಪಲಿಲ್ಲ. ಮಹಾನಗರದಲ್ಲಿ ಇಂಗ್ಲಿಷ್ ಆಡುವ ನೌಕರನಷ್ಟೇ ಹೊಲದಲ್ಲಿ ದುಡಿಯುವ ಹೆಂಗಸೂ ಈ ಗುಂಪಿಗೆ ಸೇರಿರಬಹುದು ಎಂಬ ಅರ್ಥದ ಮಾತು ಅಲ್ಲಿದೆ. ಯಾರ ಮಾತು ನಿಜ ಎಂದು ನೋಡಲು ಬೆಳಗಾವಿ ಮತ್ತು ಖಾನಾಪುರದಂಥ ಜಾಗ ಇನ್ನೊಂದಿಲ್ಲ. ಇದು ಬೆಂಗಳೂರಲ್ಲ, ಮುಂಬಯಿಯೂ ಅಲ್ಲ. ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಸಂತೆಯಲ್ಲಿ ಕೇಳುವ ಗಡಿನಾಡು. ಮದುವೆ ಎಂದರೆ ಯಾದಿ, ಬೀಗರು, ಅಕ್ಕಿಕಾಳು, ಊರೂಟ ಎಂದು ನಂಬಿದ ನಾಡು. ಗಂಡಾಗಿ ಹುಟ್ಟಿ ಸೀರೆಯುಟ್ಟವರಿಗೆ ‘ಅಮ್ಮಾ’ ಎಂದು ಕೈಮುಗಿಯುವ ಸವದತ್ತಿಯ ಎಲ್ಲಮ್ಮನ ಗುಡ್ಡವೂ ಇದೇ ಜಿಲ್ಲೆಯಲ್ಲಿದೆ.

ಕಾನೂನಿನ ಹಾದಿಯನ್ನು ಮೊದಲು ನೋಡಬೇಕು. ಭಾರತೀಯ ದಂಡ ಸಂಹಿತೆಯ 377ನೆಯ ಕಲಮು 1862ರಿಂದ ಜಾರಿಯಲ್ಲಿತ್ತು. ‘ನಿಸರ್ಗಕ್ಕೆ ವಿರುದ್ಧವಾದ’ ಸಂಬಂಧಕ್ಕೆ ಜೀವಾವಧಿಯವರೆಗೆ ಶಿಕ್ಷೆ ವಿಧಿಸಲು ಅದರಲ್ಲಿ ಅವಕಾಶವಿತ್ತು. 2009ರ ಜುಲೈ 2ರಂದು ದಿಲ್ಲಿ ಹೈಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ನಾಲ್ಕು ವರ್ಷ ನಿರಪರಾಧಿಗಳಾಗಿದ್ದವರು ಒಂದು ಬೆಳಗ್ಗೆ ಮತ್ತೆ ಅಪರಾಧಿಗಳಾದರು. ಮುಂದಿನ ತಿರುವಿಗೆ ಕರ್ನಾಟಕದ ನಂಟಿದೆ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೂಡಿದ್ದ ದಾವೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು, ಲೈಂಗಿಕ ಒಲವು ಆ ಖಾಸಗಿತನದ ಭಾಗ ಎಂದೂ ಹೇಳಿತು. ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ ಎಂದ ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪು ಆ ಮಾತಿನ ಮೇಲೆ ನಿಂತಿತು. ಬೆಂಗಳೂರಿನ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಆ ಮೊಕದ್ದಮೆಯ ಅರ್ಜಿದಾರರಲ್ಲಿ ಒಬ್ಬರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ನೆಯ ಕಲಮೇ ಇಲ್ಲ.

ಅಪರಾಧವಲ್ಲ ಎಂದರೆ ಜೈಲಿನ ಭಯ ಹೋಯಿತು, ಅಷ್ಟೇ. ಕೂಡಿ ಬಾಳುವುದಕ್ಕೆ ಹೆಸರು ಸಿಗಲಿಲ್ಲ.

ಆ ಹೆಸರನ್ನು ಕೇಳಿ 2022ರ ನವೆಂಬರ್‌ನಲ್ಲಿ ಸುಪ್ರಿಯೋ ಚಕ್ರವರ್ತಿ ಮತ್ತು ಅವರ ಸಂಗಾತಿ ಸುಪ್ರೀಂ ಕೋರ್ಟಿಗೆ ಹೋದರು. ಅವರೊಂದಿಗೆ ಇನ್ನೂ ಹಲವರು ಅರ್ಜಿ ಹಾಕಿದರು, ಅಕ್ಕೈ ಅವರೂ ಆ ಪಟ್ಟಿಯಲ್ಲಿದ್ದರು. ವಾದವೆಲ್ಲ 1954ರ ವಿಶೇಷ ವಿವಾಹ ಕಾಯ್ದೆಯ ನಾಲ್ಕನೆಯ ಕಲಮಿನ ಸುತ್ತ ತಿರುಗಿತು. ಆ ಕಲಮು ‘ಯಾರೇ ಇಬ್ಬರು ವ್ಯಕ್ತಿಗಳ ನಡುವೆ’ ಎಂದು ವಿಶಾಲವಾಗಿ ಶುರುವಾಗುತ್ತದೆ. ಕೆಳಗೆ ಬಂದಾಗ ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು ಎನ್ನುತ್ತದೆ. ಮೊದಲ ಸಾಲಿನ ಅಗಲವನ್ನು ಹಿಡಿದು ‘ಸಂಗಾತಿ’ ಎಂದು ಓದಿಕೊಳ್ಳಿ ಎಂದು ಅರ್ಜಿದಾರರು ಕೇಳಿದರು. ಹಾಗೆ ಓದಿದರೆ ನಿಷಿದ್ಧ ಸಂಬಂಧಗಳ ಪಟ್ಟಿ, ಜೀವನಾಂಶ, ಉತ್ತರಾಧಿಕಾರ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ, ಅದು ಸಂಸತ್ತಿನ ಕೆಲಸ ಎಂದು ಸರ್ಕಾರ ಹೇಳಿತು. 2023ರ ಏಪ್ರಿಲ್ 18ರಿಂದ ಮೇ 11ರವರೆಗೆ ಹತ್ತು ದಿನ ವಾದ ನಡೆಯಿತು. ಕೇಂದ್ರವು ರಾಜ್ಯಗಳ ಅಭಿಪ್ರಾಯ ಕೇಳಿದಾಗ ಉತ್ತರಿಸಿದ್ದು ಏಳು ರಾಜ್ಯ. ರಾಜಸ್ಥಾನ, ಆಂಧ್ರ, ಅಸ್ಸಾಂ ವಿರೋಧಿಸಿದವು. ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. ಇಲ್ಲಿ ಚುನಾವಣೆಯ ಕಾವು. ವಾದ ಮುಗಿಯುವ ಹಿಂದಿನ ದಿನ, ಮೇ 10ರಂದು, ಖಾನಾಪುರದ ಜನ ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದರು.

ತೀರ್ಪು ಬಂದದ್ದು ಅಕ್ಟೋಬರ್ 17ರಂದು. ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ನ್ಯಾಯಾಲಯ ತಿದ್ದಲಾಗದು ಎಂಬುದರಲ್ಲಿ ಪೀಠದ ಐವರು ನ್ಯಾಯಮೂರ್ತಿಗಳದೂ ಒಂದೇ ಮಾತು. ಒಡಕು ಬಂದದ್ದು ಅದರಾಚೆ. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್, ಮದುವೆಯಲ್ಲದಿದ್ದರೂ ಇಂಥ ಕೂಡುಬಾಳಿಗೆ ಮಾನ್ಯತೆ ಕೊಡುವ ಹೊಣೆ ಸರ್ಕಾರಕ್ಕಿದೆ ಎಂದರು. ಮೈಸೂರಿನಲ್ಲಿ ಹುಟ್ಟಿದ ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಒಪ್ಪಲಿಲ್ಲ. ಮದುವೆ ಸಮಾಜ ಕಟ್ಟಿಕೊಂಡ ಸಂಸ್ಥೆ, ನ್ಯಾಯಾಲಯ ಇಲ್ಲದ ಸ್ಥಾನಮಾನವನ್ನು ತಾನೇ ಸೃಷ್ಟಿಸಲಾಗದು ಎಂಬುದು ಬಹುಮತದ ತಿರುಳು. ಜತೆಗಿದ್ದು ಬಾಳುವ ಸ್ವಾತಂತ್ರ್ಯ ಇದೆ, ಆ ಬಾಳಿಗೆ ಕಾಗದ ಕೇಳುವ ಹಕ್ಕಿಲ್ಲ. 2025ರ ಜನವರಿ 9ರಂದು ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ಒಂದು ಬಾಗಿಲು ಮಾತ್ರ ತೆರೆಯಿತು. ಲಿಂಗತ್ವ ಅಲ್ಪಸಂಖ್ಯಾತರು ಗಂಡು-ಹೆಣ್ಣಿನ ಜೋಡಿಯಾಗಿ ಮದುವೆಯಾಗುವುದಾದರೆ ಈಗಿರುವ ಕಾನೂನಿನಡಿಯೇ ಆಗಬಹುದು ಎಂದು ಐವರೂ ಹೇಳಿದರು. ಮದ್ರಾಸ್ ಹೈಕೋರ್ಟಿನ ಮದುರೆ ಪೀಠ 2019ರಲ್ಲೇ, ಹಿಂದೂ ವಿವಾಹ ಕಾಯ್ದೆಯ ‘ವಧು’ ಎಂಬ ಪದದಲ್ಲಿ ಹೆಣ್ಣಾಗಿ ಬಾಳುವ ಲಿಂಗತ್ವ ಅಲ್ಪಸಂಖ್ಯಾತರೂ ಸೇರುತ್ತಾರೆ ಎಂದಿತ್ತು.

ಹೀಗಾಗಿ ಮಾತು ಎಲ್ಲಮ್ಮನ ಗುಡ್ಡಕ್ಕೆ ಬರಲೇಬೇಕು.

ಸವದತ್ತಿಯ ಗುಡ್ಡದಲ್ಲಿ ಮದುವೆ, ವೈಧವ್ಯ, ಮುತ್ತೈದೆತನ ಮೂರೂ ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಹೊಸ್ತಿಲ ಹುಣ್ಣಿಮೆಗೆ ಜಮದಗ್ನಿ ಸತ್ತನೆಂದು ಎಲ್ಲಮ್ಮನ ಜೋಗತಿಯರು, ಜೋಗಪ್ಪಗಳು ಬಳೆ ಒಡೆದುಕೊಳ್ಳುತ್ತಾರೆ. ಭಾರತ ಹುಣ್ಣಿಮೆಗೆ ಮತ್ತೆ ಬಳೆ ತೊಡುತ್ತಾರೆ. ಅದಕ್ಕೇ ಅದು ಮುತ್ತೈದೆ ಹುಣ್ಣಿಮೆ. ಜೋಗಪ್ಪ ಗಂಡಾಗಿ ಹುಟ್ಟಿದವರು. ದೇವಿ ಮೈಮೇಲೆ ಬಂದಳು, ಇನ್ನು ಸೀರೆ ಉಡಬೇಕು ಎಂದು ಮುತ್ತು ಕಟ್ಟಿಸಿಕೊಂಡವರು. ಕೊಡ ಹೊತ್ತು, ಚೌಡಿಕೆಯ ದನಿಗೆ ಕುಣಿದು, ಪಡಲಗಿ ಹಿಡಿದು ಮನೆಮನೆಗೆ ಬರುತ್ತಾರೆ. ಕೊರಳಲ್ಲಿ ಮುತ್ತು ಬಿದ್ದ ಮೇಲೆ ಊರು ಅವರಿಗೆ ಹೆಣ್ಣು ತರುವುದಿಲ್ಲ. ಅವರು ದೇವಿಗೆ ಸೇರಿದವರು ಎಂದು ಎಲ್ಲರೂ ಒಪ್ಪುತ್ತಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಇದೇ ಪರಂಪರೆಯಿಂದ ಬಂದು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಇದನ್ನು ತೋರಿಸಿ ‘ನೋಡಿ, ನಮ್ಮಲ್ಲಿ ಸಲಿಂಗ ವಿವಾಹ ಹಿಂದಿನಿಂದಲೂ ಇತ್ತು’ ಎನ್ನುವವರಿದ್ದಾರೆ. ಅದು ಅವಸರದ ಮಾತು. ಮುತ್ತು ಕಟ್ಟುವುದು ಇಬ್ಬರು ಮನುಷ್ಯರ ನಡುವಿನ ಮದುವೆಯಲ್ಲ. ಅದರ ಹಿಂದೆ ಬಡತನವಿದೆ, ಜಾತಿಯಿದೆ, ಹೆಣ್ಣುಮಕ್ಕಳ ಮಟ್ಟಿಗಂತೂ ಶೋಷಣೆಯ ದೊಡ್ಡ ಚರಿತ್ರೆಯಿದೆ. ಆದರೆ ಗುಡ್ಡದಿಂದ ಕಲಿಯಬೇಕಾದ ಒಂದು ಸಂಗತಿ ಬೇರೆಯೇ ಇದೆ. ಗಂಡು ಗಂಡಾಗಿಯೇ, ಹೆಣ್ಣು ಹೆಣ್ಣಾಗಿಯೇ ಇರಬೇಕೆಂಬ ಗೆರೆಯನ್ನು ಈ ಭಾಗದ ಸಾಮಾನ್ಯ ಜನ ಎಂದೂ ಕಲ್ಲಿನ ಮೇಲೆ ಕೊರೆದಿರಲಿಲ್ಲ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಗಂಡು ವಚನಕಾರರು ತಮ್ಮನ್ನು ಹೆಂಡತಿಯೆಂದು ಕಂಡುಕೊಂಡ ಭಾಷೆ ಇದು. ‘ಇದು ನಮ್ಮ ಸಂಸ್ಕೃತಿಯಲ್ಲ’ ಎಂಬ ಆಕ್ಷೇಪವನ್ನು ಬೆಳಗಾವಿ ಜಿಲ್ಲೆಯಲ್ಲಿ ನಿಂತು ಹೇಳುವವರು ಒಮ್ಮೆ ಗುಡ್ಡದ ಕಡೆ ನೋಡಬೇಕು.

ಜೋಗಪ್ಪನಿಗೆ ಸಿಗುವ ಗೌರವಕ್ಕೂ ಮಿತಿಯಿದೆ. ಭಂಡಾರ ಹಚ್ಚಿಸಿಕೊಂಡ ಮನೆಯೇ ಬಾಡಿಗೆಗೆ ಕೋಣೆ ಕೇಳಿದರೆ ಇಲ್ಲ ಎನ್ನುತ್ತದೆ. ಜೋಗಪ್ಪ ಯಾರನ್ನಾದರೂ ಪ್ರೀತಿಸಿ ಒಟ್ಟಿಗೆ ಬಾಳಿದರೆ ಆ ಸಂಗಾತಿಗೆ ಊರಲ್ಲೂ ಹೆಸರಿಲ್ಲ, ಕಚೇರಿಯಲ್ಲೂ ಇಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 20,266 ಜನ ‘ಇತರೆ’ ಎಂದು ದಾಖಲಾದರು. ಅವರ ಪಾಲಿಗೆ ರಾಜ್ಯ ಕೆಲವು ಒಳ್ಳೆಯ ಹೆಜ್ಜೆ ಇಟ್ಟಿದೆ. 2017ರಲ್ಲಿ ಪ್ರತ್ಯೇಕ ನೀತಿ ಬಂತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1ರ ಸಮತಲ ಮೀಸಲಾತಿ ತಂದ ಮೊದಲ ರಾಜ್ಯ ಕರ್ನಾಟಕ. ಮೈತ್ರಿ ಮಾಸಾಶನವಿದೆ, ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೂ ಅವರಿಗಿದೆ. ಇವೆಲ್ಲ ಒಬ್ಬ ವ್ಯಕ್ತಿಗೆ ಸಿಗುವ ಸೌಲಭ್ಯ. ಜೋಡಿಗೆ ಯಾವುದೂ ಇಲ್ಲ.

ಮಾನ್ಯತೆಯ ಜಗಳ ಈ ನೆಲಕ್ಕೆ ಹೊಸದಲ್ಲ. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಇಂದಿಗೂ ಜನ ಹೋಗಿ ಹರಕೆ ಹೊರುತ್ತಾರೆ. ಆತ ನೇಣಿಗೇರಿದ್ದು 1831ರ ಜನವರಿ 26ರಂದು. ಆ ಹೋರಾಟದ ಬುಡದಲ್ಲಿ ಇದ್ದದ್ದು ಒಂದು ಸಂಬಂಧದ ಪ್ರಶ್ನೆ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಸಾಯುವ ಮುನ್ನ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಮನೆತನ ಮಗನೆಂದು ಕರೆದವನನ್ನು ಸರ್ಕಾರ ಮಗನಲ್ಲ ಎಂದಿತು. ಚನ್ನಮ್ಮ ಕತ್ತಿ ಹಿಡಿದಳು, ಅವಳು ಸೆರೆಯಾದ ಮೇಲೆ ರಾಯಣ್ಣ ಅದೇ ಶಿವಲಿಂಗಪ್ಪನ ಹೆಸರಿನಲ್ಲಿ ದಂಡು ಕಟ್ಟಿದ. ಸಂಸ್ಥಾನದ ರಾಜಕಾರಣವನ್ನೂ ಇಬ್ಬರು ಸಾಮಾನ್ಯರ ಬಾಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ರಕ್ತಸಂಬಂಧವಲ್ಲದ ನಂಟನ್ನು ಒಪ್ಪುವ ಅಥವಾ ಒಪ್ಪದಿರುವ ಅಧಿಕಾರ ಎಷ್ಟು ದೊಡ್ಡದು ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮದುವೆಯ ಕಾನೂನೂ ಇಲ್ಲಿ ಎಂದೂ ನಿಂತ ನೀರಾಗಿರಲಿಲ್ಲ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯ್ದೆ, ದೇವರಿಗೆ ಬಿಡುವ ಪದ್ಧತಿಯನ್ನು ನಿಷೇಧಿಸಿದ್ದಲ್ಲದೆ, ಹಾಗೆ ಬಿಟ್ಟ ಹೆಣ್ಣು ಮದುವೆಯಾದರೆ ಆ ಮದುವೆ ಸಿಂಧು ಎಂದೂ ಹೇಳಿತು. ರೂಢಿ ‘ನಿನಗೆ ಮದುವೆಯಿಲ್ಲ’ ಎಂದವಳಿಗೆ ಕಾನೂನು ‘ಇದೆ’ ಎಂದಿತು. ಮದುವೆಯ ಬಾಗಿಲನ್ನು ಸಮಾಜ ಮುಚ್ಚಿದಾಗ ಸರ್ಕಾರ ತೆರೆದ ಉದಾಹರಣೆಗೆ ಹೊರಗೆಲ್ಲೂ ಹುಡುಕಬೇಕಿಲ್ಲ. 1946ರಲ್ಲಿ ಅದೇ ಪ್ರಾಂತ್ಯ ಹಿಂದೂಗಳ ಬಹುಪತ್ನಿತ್ವವನ್ನು ನಿಲ್ಲಿಸಿತು. ಮೂರು ತಲೆಮಾರಿನ ಹಿಂದಿನ ಬೆಳಗಾವಿಯಲ್ಲಿ ಎರಡನೆಯ ಹೆಂಡತಿಯನ್ನು ತರುವುದು ಸಂಸ್ಕೃತಿಯ ಭಾಗವೇ ಆಗಿತ್ತು, ಈಗ ಅದು ಅಪರಾಧ. ಕಲ್ಯಾಣದಲ್ಲಿ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಬಿಜ್ಜಳ ಎಂಥ ಶಿಕ್ಷೆ ಕೊಟ್ಟನೆಂಬ ಕತೆ ಪ್ರತಿ ಮನೆಗೂ ಗೊತ್ತು. ಆ ಮದುವೆಯನ್ನು ಇವತ್ತು ಯಾರೂ ತಪ್ಪೆನ್ನುವುದಿಲ್ಲ, ಕನಿಷ್ಠ ವೇದಿಕೆಯ ಮೇಲೆ.

ಇನ್ನು ಕಾಗದಪತ್ರಗಳ ಮಾತು. ತೀರ್ಪಿನ ವೇಳೆ ಕೇಂದ್ರ ಕೊಟ್ಟ ಭರವಸೆಯಂತೆ 2024ರ ಏಪ್ರಿಲ್‌ನಲ್ಲಿ ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚನೆಯಾಯಿತು. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೆಲವು ಸೂಚನೆಗಳು ಬಂದವು. ಸಲಿಂಗ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಬಹುದು. ರೇಷನ್ ಕಾರ್ಡಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕು. ಒಬ್ಬರು ತೀರಿಕೊಂಡಾಗ ರಕ್ತಸಂಬಂಧಿಗಳು ಸಿಗದಿದ್ದರೆ ಸಂಗಾತಿ ಶವವನ್ನು ಪಡೆಯಲು ಅನುವು ಮಾಡಬೇಕು ಎಂದು ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆಯಿತು.

ಈ ಕೊನೆಯ ಸಾಲನ್ನು ಓದುವಾಗ ಎದೆ ಭಾರವಾಗುತ್ತದೆ. ಬದುಕಿರುವಾಗ ‘ಏನಾಗಬೇಕು’ ಎಂಬುದಕ್ಕೆ ಉತ್ತರವಿಲ್ಲದವರಿಗೆ ಸತ್ತ ಮೇಲೆ, ಅದೂ ಬೇರೆ ಯಾರೂ ಬಾರದಿದ್ದರೆ, ಹೆಣ ಕೇಳುವ ಅವಕಾಶ ಸಿಕ್ಕಿದೆ.

ಸಣ್ಣ ಕಾಗದಗಳು ಎಲ್ಲಿ ಕೈಕೊಡುತ್ತವೆ ಎಂದು ನೋಡಲು ಖಾನಾಪುರದ ಒಂದು ಹೊಲವನ್ನು ಊಹಿಸಿಕೊಂಡರೆ ಸಾಕು. ಉತಾರ ಒಬ್ಬ ಹೆಂಗಸಿನ ಹೆಸರಿನಲ್ಲಿದೆ, ದುಡಿದವರು ಇಬ್ಬರು ಹೆಂಗಸರು. ಮೃತ್ಯುಪತ್ರ ಬರೆಯದೆ ಹೆಸರಿದ್ದವಳು ತೀರಿಕೊಂಡಳು. ವಾರಸಾ ಮಾಡಿಸಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅವಳ ತಾಯಿ, ತಂದೆ, ತಂದೆಯ ವಾರಸುದಾರರು, ತಾಯಿಯ ವಾರಸುದಾರರು ಎಂದು ದೂರ ದೂರದವರೆಗೂ ಹುಡುಕುತ್ತದೆ. ಯಾರೂ ಸಿಗದಿದ್ದರೆ 29ನೆಯ ಕಲಮಿನಂತೆ ಹೊಲ ಸರ್ಕಾರಕ್ಕೆ ಹೋಗುತ್ತದೆ. ಇಪ್ಪತ್ತು ವರ್ಷ ಜತೆಗೆ ಬಿತ್ತಿ ಬೆಳೆದವಳು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಗುರುತಿಲ್ಲದ ದಾಯಾದಿಯ ನಂತರ ಸರ್ಕಾರ ಬರುತ್ತದೆ, ಅವಳು ಬರುವುದಿಲ್ಲ.

ಮೃತ್ಯುಪತ್ರ ಬರೆದಿಟ್ಟರೆ ಈ ಗಂಡಾಂತರ ಬಹುಮಟ್ಟಿಗೆ ತಪ್ಪುತ್ತದೆ ನಿಜ. ಬದುಕಿದ್ದಾಗಲೇ ದಾನಪತ್ರ ಮಾಡಲು ಹೋದರೆ ಖರ್ಚಿನ ಲೆಕ್ಕ ಬೇರೆ. ಗಂಡ ಹೆಂಡತಿಗೆ ಕೊಟ್ಟರೆ ಕರ್ನಾಟಕದಲ್ಲಿ ನಿಗದಿತ ಅಲ್ಪ ಮುದ್ರಾಂಕ ಶುಲ್ಕ, ಕುಟುಂಬದ ಹೊರಗಿನವರಿಗೆ ಕೊಟ್ಟರೆ ಮಾರುಕಟ್ಟೆ ಬೆಲೆಯ ಶೇಕಡ 5. ಆದಾಯ ತೆರಿಗೆಯಲ್ಲೂ ಹಾಗೆಯೇ, ‘ಸಂಬಂಧಿ’ ಅಲ್ಲದವರಿಂದ ವರ್ಷದಲ್ಲಿ 50,000 ರೂಪಾಯಿ ಮೀರಿ ಉಡುಗೊರೆ ಬಂದರೆ ತೆರಿಗೆ ಬೀಳುತ್ತದೆ, ಗಂಡ-ಹೆಂಡತಿಯ ನಡುವೆ ಬೀಳುವುದಿಲ್ಲ. ಈ ಭೇದವನ್ನು ಪ್ರಶ್ನಿಸಿ ಒಂದು ಜೋಡಿ 2025ರಲ್ಲಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ಜೀವವಿಮೆಯಲ್ಲಿ 2015ರ ತಿದ್ದುಪಡಿಯಂತೆ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ ಸ್ವತ್ತು. ಬೇರೆ ಯಾರಾದರೂ ನಾಮಿನಿಯಾದರೆ ಹಣ ಕೈಗೆ ಬರುತ್ತದೆ, ಆದರೆ ವಾರಸುದಾರರು ಬಂದು ಕೇಳಬಹುದು. ಬಾಡಿಗೆ ತಾಯ್ತನದ 2021ರ ಕಾಯ್ದೆಯಲ್ಲಿ ‘ದಂಪತಿ’ ಎಂದರೆ ಮದುವೆಯಾದ ಗಂಡು ಮತ್ತು ಹೆಣ್ಣು. ದತ್ತು ನಿಯಮಗಳಲ್ಲಿ ಜೋಡಿಗೆ ಎರಡು ವರ್ಷದ ಸ್ಥಿರ ವಿವಾಹ ಬೇಕು, ಇಲ್ಲವೇ ಒಂಟಿಯಾಗಿ ಅರ್ಜಿ ಹಾಕಬೇಕು. ಒಂಟಿಯಾಗಿ ದತ್ತು ಪಡೆದ ಮಗು ಇಬ್ಬರ ತೋಳಲ್ಲಿ ಬೆಳೆದರೂ ಶಾಲೆಯ ದಾಖಲೆಯಲ್ಲಿ, ಆಸ್ತಿಯಲ್ಲಿ ಅದಕ್ಕೆ ಒಬ್ಬರೇ ಪೋಷಕರು.

ರೇಷನ್ ಕಾರ್ಡಿನಲ್ಲಿ ಇನ್ನೊಂದು ಸಿಕ್ಕು. ಒಂದೇ ಕಾರ್ಡಿಗೆ ಬಂದ ಇಬ್ಬರು ಹೆಂಗಸರಲ್ಲಿ ಒಬ್ಬಳು ಮಾತ್ರ ಯಜಮಾನಿ, ಗೃಹಲಕ್ಷ್ಮಿಯ 2,000 ರೂಪಾಯಿ ಒಬ್ಬಳಿಗೆ ಮಾತ್ರ. ಅಕ್ಕಿ ಅಳೆಯುವಾಗ, ಸಹಾಯಧನ ಎಣಿಸುವಾಗ ಅವರು ಒಂದು ಮನೆ. ಹೊಲ ಬರೆದುಕೊಡುವಾಗ, ವಾರಸಾ ಹಚ್ಚುವಾಗ ಹೊರಗಿನವರು. ಮದುವೆಯ ಬದಲು ಬಿಡಿ ಬಿಡಿ ಸುತ್ತೋಲೆ ಸಾಕು ಎನ್ನುವವರು ಇದನ್ನು ಗಮನಿಸಬೇಕು. ಮದುವೆ ಎಂಬ ಒಂದು ಪದ ನೂರು ಕಾನೂನುಗಳ ಬೀಗ ತೆಗೆಯುತ್ತದೆ, ಸುತ್ತೋಲೆ ತಂದವರು ಒಂದೊಂದಕ್ಕೂ ಬೇರೆ ಕೀಲಿಕೈ ಹುಡುಕುತ್ತ ಅಲೆಯಬೇಕು.

ಗಡಿ ದಾಟಿದರೆ ಕಾನೂನೂ ಬದಲಾಗುತ್ತದೆ. ಬೆಳಗಾವಿಯಿಂದ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ಹಾದು ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ಇಂದಿಗೂ ಪೋರ್ಚುಗೀಸರು ಬಿಟ್ಟುಹೋದ ನಾಗರಿಕ ಸಂಹಿತೆ ನಡೆಯುತ್ತದೆ. ಯಾವ ಧರ್ಮದವರಾದರೂ ಮದುವೆಯನ್ನು ಸರ್ಕಾರದಲ್ಲಿ ನೋಂದಾಯಿಸಲೇಬೇಕು. ಪೋರ್ಚುಗಲ್ 1910ರಲ್ಲಿ ತಂದ ವಿವಾಹ ಕಾನೂನು ಮದುವೆಯನ್ನು ಭಿನ್ನ ಲಿಂಗದ ಇಬ್ಬರ ಒಪ್ಪಂದ ಎಂದಿತ್ತು. ಗೋವಾ ಅದನ್ನು ಉಳಿಸಿಕೊಂಡಿತು. ಆ ಕಾನೂನು ಬರೆದ ಪೋರ್ಚುಗಲ್ ಮಾತ್ರ 2010ರಲ್ಲಿ ತನ್ನಲ್ಲಿ ಸಲಿಂಗ ವಿವಾಹವನ್ನು ಒಪ್ಪಿತು. ‘ಇದು ಪಾಶ್ಚಾತ್ಯರ ಆಮದು’ ಎನ್ನುವಾಗ 377ನೆಯ ಕಲಮೂ ಗೋವಾದ ಆ ವ್ಯಾಖ್ಯೆಯೂ ಹಡಗಿನಲ್ಲೇ ಬಂದವು ಎಂಬುದು ನೆನಪಿರಲಿ.

ನೆದರ್ಲೆಂಡ್ಸ್ 2001ರ ಏಪ್ರಿಲ್ 1ರಂದು ಮೊದಲ ಹೆಜ್ಜೆ ಇಟ್ಟಿತು. ಈಗ ಮೂವತ್ತಕ್ಕೂ ಹೆಚ್ಚು ದೇಶಗಳು ಆ ಸಾಲಿನಲ್ಲಿವೆ. ಏಷ್ಯಾದಲ್ಲಿ ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರ ಜನವರಿ 23ರಿಂದ. ನೆರೆಯ ನೇಪಾಳದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ಮೇಲೆ 2023ರ ನವೆಂಬರ್‌ನಲ್ಲಿ ಮೊದಲ ನೋಂದಣಿ ಆಯಿತು. ಅದು ನಡೆದದ್ದು ಕಾಠ್ಮಂಡುವಿನಲ್ಲಲ್ಲ, ಲಮ್ಜುಂಗ್ ಎಂಬ ಗುಡ್ಡಗಾಡು ಜಿಲ್ಲೆಯ ಗ್ರಾಮೀಣ ಪಾಲಿಕೆಯಲ್ಲಿ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕ ಸೇರಿದ ಹುಡುಗನೊಬ್ಬ 2015ರ ನಂತರ ಅಲ್ಲಿನ ಯಾವ ರಾಜ್ಯದಲ್ಲಾದರೂ ತನ್ನ ಸಂಗಾತಿಯನ್ನು ಮದುವೆಯಾಗಬಹುದು. ರಜೆಗೆಂದು ಬಂದು ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದರೆ ಇಲ್ಲಿನ ಕಾನೂನಿಗೆ ಆತ ಅವಿವಾಹಿತ. 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಡವ ಮೂಲದ ವೈದ್ಯರೊಬ್ಬರು ಕುಪ್ಯ ತೊಟ್ಟು ತಮ್ಮ ಸಂಗಾತಿಯನ್ನು ಮದುವೆಯಾದಾಗ ಕೊಡಗಿನಲ್ಲಿ ಸಮಾಜದ ಮುಖಂಡರು ಸಿಟ್ಟಾದರು. ಮದುವೆಗಿಂತ ಹೆಚ್ಚಾಗಿ ಉಡುಪು ಅವರನ್ನು ನೋಯಿಸಿತ್ತು. ಆ ವರನಿಗೆ ಹಿರಿಯರ ಉಡುಪೇ ಬೇಕೆನಿಸಿದ್ದು ಏಕೆ ಎಂದು ಆ ಗದ್ದಲದಲ್ಲಿ ಕೇಳಿದವರು ಕಡಿಮೆ. ಹಿರಿಯರ ಸಾಲಿಗೆ ತಾನೂ ಸೇರಿದವನೆಂಬ ಆಸೆ ಇಲ್ಲದವನು ಕುಪ್ಯ ತೊಡುವುದಿಲ್ಲ.

ವಿರೋಧಿಸುವವರ ಮಾತನ್ನೂ ಕೇಳಬೇಕು. ಜಮಿಯತ್ ಉಲೇಮಾ-ಎ-ಹಿಂದ್ ನ್ಯಾಯಾಲಯದಲ್ಲಿ ವಿರೋಧಿಸಿತು, ಭಾರತೀಯ ವಕೀಲರ ಪರಿಷತ್ತು ಇದು ಶಾಸಕಾಂಗಕ್ಕೆ ಬಿಟ್ಟ ವಿಷಯ ಎಂದು ನಿರ್ಣಯ ಮಾಡಿತು. ಬೆಳಗಾವಿಯ ಗಲ್ಲಿಗಳಲ್ಲಿ ವಿರೋಧದ ದನಿ ಇಷ್ಟು ಗಟ್ಟಿಯಲ್ಲ, ಆದರೆ ಆಳವಾದದ್ದು. ಮಗನಿಗೆ ಹೆಣ್ಣು ನೋಡದಿದ್ದರೆ ಬೀಗರು ಏನೆಂದಾರು, ಮನೆತನ ಮುಂದುವರಿಯುವುದು ಹೇಗೆ, ತಂಗಿಯ ಸೋಯರಿಕೆ ಕೆಟ್ಟರೆ ಹೇಗೆ ಎಂಬ ತಾಯಿಯ ಭಯ ಅದು. ಆ ಭಯ ಸುಳ್ಳಲ್ಲ. ಅದಕ್ಕೆ ಬೆಲೆ ತೆರುವವರು ಯಾರು ಎಂದೂ ಕೇಳಬೇಕಾಗುತ್ತದೆ. ಒಲ್ಲದ ಮಗನಿಗೆ ಕಟ್ಟಿದ ಹೆಣ್ಣಿನ ಬಾಳು ಹಾಳಾದ ಮನೆಗಳು ಪ್ರತಿ ಊರಲ್ಲೂ ಇವೆ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಕನ್ನಡದ ಓದುಗರು ಅದನ್ನು ಎತ್ತಿಕೊಂಡದ್ದಕ್ಕೆ ಕಾರಣವಿತ್ತು. ತಮ್ಮ ಮನೆಯಲ್ಲೇ ಇದ್ದೂ ಹೆಸರಿಲ್ಲದ ಯಾರನ್ನೋ ಅವರು ಆ ಕತೆಗಳಲ್ಲಿ ಕಂಡರು.

ಒಳಗಿನವರಲ್ಲೂ ಒಂದೇ ಅಭಿಪ್ರಾಯವಿಲ್ಲ. ಬಾಡಿಗೆ ಮನೆ ಸಿಗದ, ಪೊಲೀಸರ ಕಾಟಕ್ಕೆ ಸಿಕ್ಕ ಜೋಗಪ್ಪನಿಗೆ ಮದುವೆಗಿಂತ ಮೊದಲು ಸೂರು ಬೇಕು, ಕೆಲಸ ಬೇಕು. ಮದುವೆಯೆಂಬ ಸಂಸ್ಥೆಯೇ ಹೆಣ್ಣಿಗೆ ಅನ್ಯಾಯ ಮಾಡಿದೆ, ಅದರೊಳಗೆ ಏಕೆ ಹೋಗಬೇಕು ಎನ್ನುವವರಿದ್ದಾರೆ. ಅವರ ಮಾತಿಗೆ 2025ರ ಮೇ 22ರಂದು ಮದ್ರಾಸ್ ಹೈಕೋರ್ಟ್ ಬಲ ಕೊಟ್ಟಿತು. ಮನೆಯವರು ಕೂಡಿಹಾಕಿದ್ದ ಯುವತಿಯನ್ನು ಬಿಡುಗಡೆ ಮಾಡುತ್ತ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ, ತಾವೇ ಆರಿಸಿಕೊಂಡ ಕುಟುಂಬವನ್ನೂ ಕಾನೂನು ಬಲ್ಲದು ಎಂದಿತು. ಆ ಮಾತು ತೂಕದ್ದು. ಆದರೆ ಬೇಡವೆನ್ನುವ ಹಕ್ಕಿಗೂ ಬೆಲೆ ಬರುವುದು ಬೇಕೆಂದವರಿಗೆ ಸಿಗುವಂತಿದ್ದಾಗ. ಸಿಗದ್ದನ್ನು ಬೇಡವೆನ್ನಲು ಯಾರ ಅನುಮತಿಯೂ ಬೇಕಿಲ್ಲ.

ಸುಪ್ರೀಂ ಕೋರ್ಟ್ ಶಾಸಕಾಂಗದತ್ತ ಬೊಟ್ಟು ಮಾಡಿದಾಗ ಎಲ್ಲರೂ ಸಂಸತ್ತಿನ ಕಡೆ ನೋಡಿದರು. ಮದುವೆ, ವಿಚ್ಛೇದನ, ದತ್ತು, ಮೃತ್ಯುಪತ್ರ, ಉತ್ತರಾಧಿಕಾರ ಸಂವಿಧಾನದ ಸಮವರ್ತಿ ಪಟ್ಟಿಯ ಐದನೆಯ ನಮೂದಿನಲ್ಲಿವೆ. ಅವುಗಳ ಬಗ್ಗೆ ರಾಜ್ಯವೂ ಕಾನೂನು ಮಾಡಬಹುದು. ಕೇಂದ್ರದ ಕಾಯ್ದೆಗೆ ಅಡ್ಡ ಬಂದರೆ ರಾಷ್ಟ್ರಪತಿಗಳ ಒಪ್ಪಿಗೆ ಬೇಕು, ಅದು ಸುಲಭವಲ್ಲ. ಅಸಾಧ್ಯವೂ ಅಲ್ಲ, ಹಿಂದೆ ಆಗಿದೆ. ತಮಿಳುನಾಡು 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಯನ್ನು ಸಿಂಧುಗೊಳಿಸಿತು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಕೇಂದ್ರ ಅದನ್ನು ದೇಶಕ್ಕೆಲ್ಲ ಕೊಟ್ಟದ್ದು ಹನ್ನೊಂದು ವರ್ಷದ ನಂತರ, 2005ರಲ್ಲಿ. ಮನೆಮನೆಯ ಅಣ್ಣತಮ್ಮಂದಿರ ಸಿಟ್ಟನ್ನು ಎದುರಿಸಿ ತಂದ ಕಾನೂನು ಅದು.

ಮದುವೆಯೆಂಬ ಪದಕ್ಕೆ ಕೈಹಾಕಲು ರಾಜ್ಯ ಹಿಂಜರಿದರೂ ಮಾಡಬಹುದಾದ ಕೆಲಸಗಳಿಗೆ ದಿಲ್ಲಿಯ ಅಪ್ಪಣೆ ಬೇಕಿಲ್ಲ. ಮುದ್ರಾಂಕ ಶುಲ್ಕದ ಕುಟುಂಬ ಪಟ್ಟಿಗೆ ‘ಸಂಗಾತಿ’ ಎಂದು ಸೇರಿಸಬಹುದು. ಸರ್ಕಾರಿ ಆಸ್ಪತ್ರೆಗಳ ಅರ್ಜಿಯಲ್ಲಿ ರೋಗಿ ತಾನೇ ಹೆಸರಿಸಿದವರನ್ನು ಆಪ್ತರೆಂದು ಒಪ್ಪಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥ ಪ್ರತಿನಿಧಿಯನ್ನು ಹೆಸರಿಸುವ ಹಕ್ಕನ್ನು ಈಗಾಗಲೇ ಕೊಟ್ಟಿದೆ, ಅದನ್ನೇ ಉಳಿದ ರೋಗಗಳಿಗೂ ಹಿಗ್ಗಿಸಿದರಾಯಿತು. ಮದ್ರಾಸ್ ಹೈಕೋರ್ಟ್ 2023ರಲ್ಲಿ ತಮಿಳುನಾಡಿಗೆ ಸೂಚಿಸಿದಂತೆ ಇಬ್ಬರು ಕೂಡುಬಾಳಿನ ಕರಾರುಪತ್ರವನ್ನು ನೋಂದಾಯಿಸುವ ವ್ಯವಸ್ಥೆ ತರಬಹುದು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಕೂಡುತ್ತದೆ, ಗಡಿ, ನೀರು, ಕಬ್ಬಿನ ಬೆಲೆ ಚರ್ಚೆಯಾಗುತ್ತವೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಎಲ್ಲಮ್ಮನ ಗುಡ್ಡಕ್ಕೆ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಹೊಸ್ತಿಲ ಹುಣ್ಣಿಮೆಯ ಜನ ಏರುತ್ತಿರುತ್ತಾರೆ.

ಸದ್ಯಕ್ಕೆ ಜೋಡಿಗಳು ವಕೀಲರ ಬಳಿ ಹೋಗುತ್ತಾರೆ. ಒಂದು ಮೃತ್ಯುಪತ್ರ, ಒಂದು ಮುಖ್ತ್ಯಾರನಾಮೆ, ಬ್ಯಾಂಕಿನ ಜಂಟಿ ಖಾತೆ, ವಿಮೆಯ ನಾಮಿನಿ ಅರ್ಜಿ. ಬಾಂಡ್ ಪೇಪರಿನ ಮೇಲೆ ಬೆರಳಚ್ಚು ಮಾಡುವವರು ಇಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಉದ್ಯೋಗ, ಊರು ಎಂದು ಒಂದೊಂದೇ ಹೊಡೆಯುತ್ತ ಬರುತ್ತಾರೆ. ನಡುವೆ ಕೈ ನಿಲ್ಲಿಸಿ, ತಲೆ ಎತ್ತಿ ಕೇಳುತ್ತಾರೆ: ‘ಇವರು ನಿಮಗ ಏನಾಗಬೇಕ್ರಿ?’